ನಡ

ಇಂಡಿ ರೋಡಿನ ಗ್ಯಾರೇಜಿನ್ಯಾಗ
ಜ್ಯಾಕಿಗಿಂತ ಜಾಲಿ ತುಂಡ ನಂಬತಾನ ಮಕ್ತುಮಸಾಬ.
"ಎಣ್ಣಿ ಇಳೀತೈತಿ ಲೇ, ಕಟಗಿ ಇಳ್ಯಂಗಿಲ್ಲ.
ಇಟ್ಟ ಮ್ಯಾಲ ಒಳಗ ಹೋಗು.
ಪಾನಾ ನಿನ್ನ ಕಡೆ ಎಳಿ, ನೂಕಬ್ಯಾಡ.
ಆ ಉಂಗುರ ಬಿಚ್ಚು. ಹೇಂತಿ ಏನೂ ಅನ್ನಂಗಿಲ್ಲ,
ಬೆರಳ ಹೋದ್ರ ಅಂತಾಳ."

ಗೇರ್‌ಬಾಕ್ಸ್ ಎತ್ತಾಕ ಬಗ್ಗಿದ್ದೆ.
ಬೆನ್ನಿಗೆ ಚಪ್ಪಲಿ ಬಿತ್ತು.
"ಮಣಕಾಲ ಮಡಚು! ಇನ್ನೊಬ್ಬನ್ನ ಕರಿ!
ಒಬ್ಬನ ಎತ್ತಿದ್ದಕ್ಕ ಶಬ್ಬಾಸ್ ಅಂದ ಮಾಲಕ
ಚಾ ಕುಡಿಸಿ ಮನಿಗೆ ಹ್ವಾದ.
ನೋವು ನನ್ನ ಕೂಡ ಉಳೀತು."

ಮಧ್ಯಾಹ್ನದ ಅಜಾನ್.
ಕೈಕಾಲು ತೊಳಕೊಂಡು
ಲಾರಿಯ ಹಳೇ ಸೀಟಿನ ಮ್ಯಾಲ ಕುಂತs ನಮಾಜ.
ಹಣಿ ನೆಲಾ ಮುಟ್ಟಂಗಿಲ್ಲ,
ತಲಿ ಅಷ್ಟ, ಒಂಚೂರು, ಬಾಗತೈತಿ.

ಈಚೆ ನಾನು, ಯಮನಪ್ಪ
ಗೇರ್‌ಬಾಕ್ಸಿನ ಮುಂದ
ಮಣಕಾಲೂರಿ
ಆತ ಮುಗಸೂತನಾ ಕಾಯತೀವಿ.