ಕೊನೆಯ ಪುಟ, ಕೆಳಗೆ, ಎಡಕ್ಕೆ

ಗುರುವಾರ ಸಂಜೆ, ಸ್ಟ್ರಾಮ್ನೆಸ್,
ಇಗರ್ಜಿಯ ಹಿಂಬದಿಯ ಕೋಣೆ.
ಮಾತು ಮಾರ್ದನಿಸದಿರಲೆಂದು ಗೋಡೆಗೆ ಮೊಟ್ಟೆಯ ಟ್ರೇಗಳು.
ಹಡಗಿನ ಟಿಕೆಟ್ ಕಿಟಕಿಯಲ್ಲಿ ದಿನವಿಡೀ ಸವೆದು
ಮಿಕ್ಕ ದನಿಯನ್ನು ನಾನು ಇಲ್ಲಿಗೆ ತರುತ್ತೇನೆ.
ಕೆಮ್ಮು ಬಂದರೆ
ಮತ್ತೆ ಮೊದಲಿಂದ.

ಕಣ್ಣು ಹೋದ ನಲವತ್ತಮೂರು ಮಂದಿಗೆ
ವಾರದ ಪತ್ರಿಕೆ ಓದಿ ಕಳಿಸುತ್ತೇವೆ:
ಕುರಿಯ ದರ, ಶಾಲೆಯ ಬಹುಮಾನ,
ಯಾರದೋ ಗೇಟು ಹೊತ್ತೊಯ್ದ ಗಾಳಿ,
ತೀರಿಕೊಂಡವರು. ಅದನ್ನು ಮಾತ್ರ ನಿಧಾನ,
ಹೆಸರಿಗೂ ಹೆಸರಿಗೂ ನಡುವೆ ಒಂದು ಉಸಿರು ಬಿಟ್ಟು.
ಆಮೇಲೆ ಬೆರಳುದ್ದದ ಡ್ರೈವ್ ಹಳದಿ ಚೀಲಕ್ಕೆ.
ಅಂಚೆಯವರು ಇದಕ್ಕೆ ಕಾಸು ಕೇಳುವುದಿಲ್ಲ.

ಉಳಿದದ್ದಕ್ಕೆಲ್ಲ ಕಾಸು.
ಮೀನು ಕರಿಯುವ ಅಂಗಡಿಯ ಡಬ್ಬಿಯಿಂದ ಹದಿನೆಂಟು ಪೌಂಡು,
ಜೊತೆಗೆ ಡೆನ್ಮಾರ್ಕಿನದೊಂದು ತೂತಿನ ನಾಣ್ಯ.
ಎಫಿ ಹೆಣೆದ ಕಾಲುಚೀಲ, ಆರು ಜೊತೆ, ಇಪ್ಪತ್ತನಾಲ್ಕು.
ಯಾರದೋ ಮಣ್ಣಿನಲ್ಲಿ ಹೂವಿನ ಬದಲು ಅರವತ್ತು.
ಮೈಕಿನ ತಂತಿಗೆ ಮೂವತ್ತೊಂದು ಹೋಯಿತು.
ದಾನ ಎಂಬ ದೊಡ್ಡ ಮಾತು
ನಮ್ಮಲ್ಲಿ ಚಿಲ್ಲರೆಯಾಗಿಯೇ ಓಡಾಡುತ್ತದೆ,
ವಿನಿಗರ್ ವಾಸನೆ, ಬೆರಳಿನ ಜಿಡ್ಡು ಹತ್ತಿಸಿಕೊಂಡು.

ಖಾಲಿ ಚೀಲಗಳು ವಾಪಸು ಬರುವುದು ಸೋಮವಾರ.
ಫೆಬ್ರವರಿಯಲ್ಲಿ ಒಂದರೊಳಗೆ ಚೀಟಿ,
ಸಾಲಿನ ಮೇಲೆ ಸಾಲು ಹತ್ತಿ ಕೂತ ಅಕ್ಷರ.
ವಿಲಿ ಡ್ರೆವರ್. ನಲವತ್ತು ವರ್ಷ ಏಡಿ ಬುಟ್ಟಿ ಇಳಿಸಿದವನು.
ಕೃತಜ್ಞತೆ ಇರಬೇಕೆಂದು ಕನ್ನಡಕ ಏರಿಸಿಕೊಂಡೆ.
"ಉಬ್ಬರವಿಳಿತದ ಪಟ್ಟಿ ಯಾಕೆ ಬಿಡುತ್ತೀರಿ?
ಕೊನೆಯ ಪುಟ, ಕೆಳಗೆ, ಎಡಕ್ಕೆ.
ಕಣ್ಣಿದ್ದಾಗ ಮೊದಲು ಓದುತ್ತಿದ್ದದ್ದೇ ಅದು."

ಬರೀ ಅಂಕಿ, ಯಾರಿಗೆ ಬೇಕು ಅಂದುಕೊಂಡು
ಒಂಬತ್ತು ವರ್ಷ ಬಿಟ್ಟಿದ್ದೆವು.
ದೋಣಿಯನ್ನೇ ಮಾರಿದವನಿಗೆ ಯಾಕೆ, ಎಂದ ಆರ್ಚಿ.
ಕೇಳಿಬರೋಣ ಅಂತ ನಾನೇ ಹೋದೆ.

ಅವನ ಮನೆಯ ಹಿಂಗೋಡೆ ನೀರಿನಲ್ಲೇ ನಿಂತಿದೆ.
ಕೆಟಲ್ ಮುಟ್ಟಲು ಬಿಡಲಿಲ್ಲ, ತಾನೇ ಇಟ್ಟ,
ತೋರುಬೆರಳನ್ನು ಲೋಟದ ಕಂಠಕ್ಕೆ ಕೊಕ್ಕೆ ಹಾಕಿ
ಚಹಾ ಸುರಿದ, ಬಿಸಿ ಬೆರಳಿಗೆ ತಾಗುವವರೆಗೆ.
"ಗೋಡೆಯಾಚೆ ಅದು ಬಂದಿದೆ ಅಂತ ಗೊತ್ತಾಗುತ್ತದೆ.
ಬರುತ್ತಿದೆಯೋ ಹೊರಟಿದೆಯೋ,
ಆ ಅರ್ಧ ಗಂಟೆ ಎರಡಕ್ಕೂ ಒಂದೇ ಸದ್ದು."
ಮತ್ತೇನೂ ಹೇಳಲಿಲ್ಲ. ಬಾಗಿಲವರೆಗೆ ಬಂದು,
"ಸತ್ತವರನ್ನು ಅಷ್ಟು ನಿಧಾನ ಓದಬೇಡಿ.
ಅವರಿಗೆ ಅವಸರವಿಲ್ಲ, ನಿಜ. ನನಗಿದೆ."

ಈ ಗುರುವಾರ ಓದಿದೆ:
ಶುಕ್ರವಾರ, ಉಬ್ಬರ ಒಂಬತ್ತು ನಲವತ್ತೆರಡು,
ಇಳಿತ ಮೂರು ಐವತ್ತು.
ಶನಿವಾರ, ಹತ್ತು ಇಪ್ಪತ್ತೊಂದು, ನಾಲ್ಕು ಇಪ್ಪತ್ತೆಂಟು.
ಭಾನುವಾರ ನಾಲಿಗೆ ತಡವರಿಸಿತು, ಹಿಂದಕ್ಕೆ ಹೋಗಿ
ಇನ್ನೊಮ್ಮೆ ಹೇಳಿದೆ. ತಪ್ಪು ಅಂಕಿ ಹೇಳಬಾರದ ಪಟ್ಟಿ ಅದು.
ಆರ್ಚಿ ಗಡಿಯಾರ ನೋಡಿಕೊಂಡ, ಸುಮ್ಮನಿದ್ದ.

ಸೋಮವಾರ ಅವನ ಚೀಲದಲ್ಲಿ ಚೀಟಿ ಇರಲಿಲ್ಲ.
ಡ್ರೈವ್ ತೆಗೆದು, ಒಳಗೆ ಕೈಯಾಡಿಸಿದೆ.
ಹೊಲಿಗೆಯ ಮೂಲೆಯಲ್ಲಿ
ಚಿಟಿಕೆ ಮರಳು.