ಎರಡು ಹಲಗೆ

ಮಂಡಕ್ಕಿ ಭಟ್ಟಿಯಿಂದ ಹಲಗೆ ಹೊತ್ತು ತಂದರು,
ಮುಂದೆ ಶಾಹೀನಾ, ಹಿಂದೆ ಕೊಟ್ರೇಶ,
ನಡುವೆ ಸುಮ್ಮನೆ ಕೈ ತಾಗಿಸಿಕೊಂಡು ಎಂಟನೇ ಕ್ಲಾಸಿನ ಅರ್ಧ.
ಒಂದು ತುದಿ ಸುಟ್ಟು ಕಪ್ಪಗಿತ್ತು.
ಅದರಡಿಗೆ ಅಡ್ಡಡ್ಡ ಒಂದು ಇಟ್ಟಿಗೆ.
ಸಾಕು, ಇಳಿಜಾರಾಯಿತು.

ಕಾರುಗಳು ಎರಡು.
ಬಾಗಿಲು ಕಿತ್ತುಹೋದ ಪ್ಲಾಸ್ಟಿಕ್ಕಿನದೊಂದು.
ಇನ್ನೊಂದರ ಹೊಟ್ಟೆತುಂಬ ಬೇರಿಂಗ್ ಗುಂಡು,
ತುಂಬಿದವನು ಗ್ಯಾರೇಜಿನ ಇಮ್ತಿಯಾಜ.
‘ಭಾರದ್ದೇ ಗೆಲ್ತೈತಿ, ಬರ್ಕಳ್ರಿ ಟೀಚರ್!’
ಇಡೀ ಕ್ಲಾಸು ಕೈಯೆತ್ತಿತು.
ನಾನೂ ಎತ್ತಿದೆ, ಒಳಗೊಳಗೇ.
ಗೆಲ್ಲುವುದಿಲ್ಲವೆಂದು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ.
ಬರೆದ ಕೈಗೆ ಗೊತ್ತಿತ್ತು,
ಹೊಟ್ಟೆಗೆ ಗೊತ್ತಿರಲಿಲ್ಲ.

ಬಿಟ್ಟೆವು.
ಎರಡೂ ಜೊತೆಜೊತೆಗೇ ಬಂದು ಗೋಡೆಗೆ ಮೂತಿ ಗುದ್ದಿಕೊಂಡವು.
ಮೋಸ, ಮೋಸ ಎಂದರು. ಮತ್ತೆ ಬಿಟ್ಟೆವು.
ಹನ್ನೊಂದು ಸಲ.

ದಾವಣಗೆರೆಯಲ್ಲಿ ಯಾವ ರೋಗಕ್ಕೂ ಬೆಣ್ಣೆಯೇ ಮದ್ದು.
ಅಪ್ಪನ ದೋಸೆ ಹೋಟೆಲಿನಿಂದ ಎಲೆಯಲ್ಲಿ ಕಟ್ಟಿ ತಂದದ್ದನ್ನು
ಕೊಟ್ರೇಶ ಗಾಲಿಯ ಅಚ್ಚಿಗೆ ಸವರಿದ.
ಮೊದಲ ಓಟಕ್ಕೆ ಹಾರಿತು.
ಎರಡನೆಯದಕ್ಕೆ ಹಲಗೆಯ ಬೂದಿಯೆಲ್ಲ ಮೆತ್ತಿಕೊಂಡು
ನಡುದಾರಿಯಲ್ಲೇ ಕೂತುಬಿಟ್ಟಿತು, ಮುನಿದ ಎತ್ತಿನ ಹಾಗೆ.
ಘರ್ಷಣೆ ಎಂದರೇನೆಂದು ಆಮೇಲೆ ಯಾರೂ ಕೇಳಲಿಲ್ಲ.

ಹೊತ್ತು ಅಳೆಯುವುದು ಹೇಗೆ?
ದುರುಗೇಶ ಎದ್ದು ಹೋಗಿ ಅಜ್ಜನ ಹಲಗೆ ತಂದ.
ಇದು ಬಡಿಯುವ ಹಲಗೆ,
ಅದೇ ಭಟ್ಟಿಯ ಬೆಂಕಿಗೆ ಹಿಡಿದು ಬಿಗಿ ಮಾಡಿದ್ದು.
ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದವನು
ಬಡಿದ.
ಡಣ್. ಡಣ್. ಡಣ್. ಡಣ್.
ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.
ಏಟು ಬಿದ್ದಾಗ ಕಾರು ಎಲ್ಲಿತ್ತೋ
ಅಲ್ಲಿಗೊಂದು ಮಂಡಕ್ಕಿ.

ಶಾಹೀನಾ ಬೆರಳಿಟ್ಟು ಅಳೆದಳು.
ಮೊದಲ ಏಟಿಗೆ ನಾಲ್ಕು ಬೆರಳು.
ಅಲ್ಲಿಂದ ಮುಂದಿನದಕ್ಕೆ ಹನ್ನೆರಡು.
ಅಲ್ಲಿಂದ ಇಪ್ಪತ್ತು.
‘ನಾಕೊಂದ್ಲಿ ನಾಕು, ನಾಕ್ಮೂರ್ಲಿ ಹನ್ನೆರಡು, ನಾಕೈದ್ಲಿ...’
ಮಗ್ಗಿಯಲ್ಲಿ ಒಂದು ಬಿಟ್ಟೊಂದು ಮೆಟ್ಟಿಲು ಹಾರಿ
ತಲೆಯೆತ್ತಿದಳು.
ಹಲಗೆಗೆ ಯಾರು ಹೇಳಿಕೊಟ್ಟರು ಬೆಸಸಂಖ್ಯೆ?
ಬಡಿಯುವುದನ್ನು ಮರೆತು ದುರುಗೇಶನೂ ಬಂದ.
‘ಇಪ್ಪತ್ತೆಂಟು ಬರ್ಬೇಕಲ್ರೀ ಈಗ?’

ಎಲ್ಲರೂ ಬಗ್ಗಿದೆವು.
ನಾಲ್ಕನೇ ಮಂಡಕ್ಕಿ ಇರಲಿಲ್ಲ.
ಇಮ್ತಿಯಾಜನ ಬಾಯಿ ಆಡುತ್ತಿತ್ತು.

ಪ್ರಯೋಗದ ಪುಸ್ತಕದಲ್ಲಿ ಬರೆದುಕೊಂಡೆ:
ಅಳತೆಯ ದೋಷ, ಒಂದು ಮಂಡಕ್ಕಿ.
ಹಲಗೆ ಎರಡೂ ಐದು ಗಂಟೆಯೊಳಗೆ ವಾಪಸ್ಸು.