ಆಕ್ಷೇಪಣೆ ಏಳಕ್ಕೆ ಉತ್ತರ

ಮಾನ್ಯರೇ,
ತಮ್ಮ ಪತ್ರ ತಲುಪಿತು. ಆಕ್ಷೇಪಣೆ ಏಳು:
'ಮಂಡಕ್ಕಿ ಖಾರ, ಎರಡು ಪೊಟ್ಟಣ, ನಲವತ್ತು ರೂಪಾಯಿ.
ಮಗು ಒಂದು, ಪೊಟ್ಟಣ ಎರಡು.
ಅಧಿಕೃತ ರಸೀದಿ ಇಲ್ಲ. ಸಮಜಾಯಿಷಿ ನೀಡತಕ್ಕದ್ದು.
ಅಲ್ಲಿಯವರೆಗೆ ಸಮಿತಿಯ ಅನುದಾನ ತಡೆಹಿಡಿಯಲಾಗಿದೆ.'

ರಸೀದಿಯ ಮಾತು ಮೊದಲು.
ಶಿವಮೊಗ್ಗದ ಬಸ್ ನಿಲ್ದಾಣದ ಹೊರಗಿನ ತಳ್ಳುಗಾಡಿಯಲ್ಲಿ
ಕಾಗದ ಅಂತ ಇದ್ದದ್ದು ಕ್ಯಾಲೆಂಡರು ಮಾತ್ರ.
ಮುಗಿದುಹೋದ ಜೂನ್ ತಿಂಗಳನ್ನು ಹರಿದು
ಅದರ ಬೆನ್ನಿಗೆ ಬರೆದುಕೊಟ್ಟ, ನಕ್ಕ,
ಕೇಳಿದ್ದಕ್ಕೆ ಸಹಿಯನ್ನೂ ಹಾಕಿದ.
ಎಣ್ಣೆಯ ಕಲೆ ಅವನದು.

ಇನ್ನು ಎರಡನೆಯ ಪೊಟ್ಟಣ.
ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಾವು ಐದು ಜನ. ತಿಂಗಳ ಮೂರನೇ ಶನಿವಾರ,
ದುರ್ಗಿಗುಡಿಯಲ್ಲೊಂದು ಕೋಣೆ, ಕಾಲು ಅಲ್ಲಾಡುವ ಮೇಜು.
ಹೊಲಿಗೆಯ ನಜೀಮಾ, ಡ್ರಾಯಿಂಗಿನ ಫೆಲಿಕ್ಸ್ ಮೇಷ್ಟ್ರು,
ಕಂಡಕ್ಟರಾಗಿದ್ದ ಲೋಕಪ್ಪ, ವಕೀಲೆ ಚೂಡಾಮಣಿ,
ಮತ್ತೆ ನಾನು, ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಬಿದಿರಿನ ಲಾರಿ ತೂಗಿದವಳು.
ಸಾಕುಮನೆಗೆ ಹೋದ ಮಕ್ಕಳ ಕಡತ ಓದುತ್ತೇವೆ.
ಆದೇಶ ಮಾಡುವ ಹಕ್ಕಿಲ್ಲ. ಕೇಳಬಹುದು, ಅಷ್ಟೆ.

ಕಡತ ಹದಿನೇಳು. ಹುಡುಗಿ, ಒಂಬತ್ತು ವರ್ಷ.
ಹೆಸರು ಬರೆಯುವಂತಿಲ್ಲ.
ಎರಡು ವರ್ಷಕ್ಕೆ ಮೂರು ಮನೆ: ಗೋಪಾಳ, ಆಯನೂರು, ಕುಂಸಿ.
ಮೂರೂ ವರದಿಯಲ್ಲಿ 'ಮಗು ಹೊಂದಿಕೊಂಡಿದೆ'.
ಮೂರರಲ್ಲೂ ಅದೇ ಒಂದು ಸೊನ್ನೆ ಬಿಟ್ಟು 'ಹೊದಿಕೊಂಡಿದೆ'.
ನಜೀಮಾ ಅಂದಳು: ಸರಿಯಾಗೇ ಬರೆದಿದ್ದಾರೆ,
ಮುಖದ ತನಕ ಹೊದ್ದುಕೊಂಡಿದೆ.

ತೂಕದ ಮನೆಯಲ್ಲಿ ಒಂದು ನಿಯಮ.
ತುಂಬಿದ ಲಾರಿ ತೂಗಿದರೆ ಸಾಲದು,
ಖಾಲಿಯಾದ ಮೇಲೂ ತೂಗಬೇಕು.
ಕಳೆದು ಉಳಿದದ್ದೇ ಬಿದಿರು.
ಇಲ್ಲಿ ಯಾರೂ ಎರಡನೇ ಸಲ ತೂಗಿರಲಿಲ್ಲ.

ಕುಂಸಿಗೆ ಹೋದೆ. ಮನೆಯವರು ಒಳ್ಳೆಯವರೇ,
ಹಾಸಿಗೆ ಇತ್ತು, ಹೊಸ ಲಂಗ ಇತ್ತು.
ಹಲ್ಲು ತೋರಿಸಲು ಪೇಟೆಗೆ ಹೊರಟಿದ್ದರು, ನಾನೂ ಬಸ್ಸು ಹತ್ತಿದೆ.
ಇಳಿದಾಗ ಮಂಡಕ್ಕಿ ಕೊಡಿಸಿದೆ, ಒಂದೇ ಪೊಟ್ಟಣ.
ಅರ್ಧ ತಿಂದಳು. ಉಳಿದದ್ದರ ಬಾಯಿ ಮಡಚಿ,
ಮಡಚಿದ್ದನ್ನು ಮತ್ತೆ ಮಡಚಿ, ಚೀಲದ ತಳಕ್ಕಿಟ್ಟಳು.
ಯಾರಿಗೆ ಅಂದೆ.
'ಪುಟ್ಟನಿಗೆ.'
ಯಾವ ಪುಟ್ಟ?
ಅಷ್ಟೂ ಗೊತ್ತಿಲ್ಲದೆ ಇಷ್ಟು ದೂರ ಬಂದಳಲ್ಲ ಈಕೆ
ಎಂಬಂತೆ ನೋಡಿದಳು.

ಚೀಲದಲ್ಲಿ ಇನ್ನೂ ಇದ್ದವು: ಮೆತ್ತಗಾದ ಬಿಸ್ಕತ್ತು,
ಯಾರದೋ ಹುಟ್ಟುಹಬ್ಬದ ಚಾಕಲೇಟು,
ಆಗಸ್ಟ್ ಹದಿನೈದರ ಲಾಡು, ಕಲ್ಲಾಗಿತ್ತು.
ನಾನು ಮತ್ತೆ ಗಾಡಿಗೆ ಹೋದೆ.
ಆ ಅರ್ಧ ನೀನೇ ಮುಗಿಸು, ಇದು ಇಡೀ ಅವನಿಗೆ ಅಂದೆ.
ಮಾನ್ಯರೇ, ಅದು ಎರಡನೆಯದು.

ಆಮೇಲೆ ಚೂಡಾಮಣಿ ಹನ್ನೊಂದು ದಿನ ಕಪಾಟು ಕೆದಕಿದಳು.
ಕಡತ ನಲವತ್ತೆರಡು, ಹುಡುಗ, ಐದು ವರ್ಷ, ಶಿಕಾರಿಪುರದ ಕಡೆ.
ಅವಳದರಲ್ಲಿ ತಾಯಿ ಲಕ್ಕಮ್ಮ, ಅವನದರಲ್ಲಿ ಲಕ್ಷ್ಮೀದೇವಿ.
ಯಾರೋ ಹೆಸರನ್ನು ಚೆಂದ ಮಾಡಿದ್ದರು.
'ಒಡಹುಟ್ಟಿದವರು' ಎಂಬಲ್ಲಿ ಎರಡರಲ್ಲೂ ಅಡ್ಡಗೆರೆ.

ಭೇಟಿಯಾಯಿತು. ಅಪ್ಪಿಕೊಳ್ಳಲಿಲ್ಲ.
ಅವನಿಗೆ ಗುರುತೇ ಸಿಗದೆ ಮೇಷ್ಟ್ರ ಹಿಂದೆ ಅಡಗಿದ.
ಅವಳು ಪೊಟ್ಟಣಗಳನ್ನು ಒಂದೊಂದಾಗಿ ಮೇಜಿಗಿಟ್ಟಳು.
ಮೇಜು ಅಲ್ಲಾಡಿತು, ಲೋಕಪ್ಪ ಬಗ್ಗಿ ಅದರ ಕಾಲು ಹಿಡಿದ.
ತುಂಬಾ ಹೊತ್ತಿನ ಮೇಲೆ ಹುಡುಗ ಲಾಡು ಎತ್ತಿಕೊಂಡ,
ಕಚ್ಚಲಾಗದೆ ನೆಕ್ಕತೊಡಗಿದ.

ಸ್ವಯಂಸೇವೆ ಅಂದಮೇಲೆ ದುಡ್ಡೇಕೆ ಅಂತ
ಫೋನಿನಲ್ಲಿ ಕೇಳಿದಿರಿ. ನಾವು ಪುಕ್ಕಟೆ, ಸರಿ.
ಜೆರಾಕ್ಸು ಪುಕ್ಕಟೆಯಲ್ಲ, ಬಸ್ಸಿಲ್ಲದ ಊರಿಗೆ ಆಟೋ ಅಲ್ಲ.
ಹೆಂಗಸರಿಗೆ ಬಸ್ಸಲ್ಲಿ ಟಿಕೆಟ್ಟಿಲ್ಲವಲ್ಲ, ನೀವು ಮೂವರೇ ಓಡಾಡಿ,
ನಾನು ಟೀ ಕಾಯಿಸ್ತೀನಿ ಅನ್ನುತ್ತಾನೆ ಲೋಕಪ್ಪ,
ಜೀವಮಾನವಿಡೀ ಟಿಕೆಟ್ಟು ಹರಿದವನು.
ಬರುವ ಶನಿವಾರ ಹದಿಮೂರು ಕಡತಗಳಿವೆ.
ಒಂದರಲ್ಲಿ ಆಗಲೇ 'ಹೊದಿಕೊಂಡಿದೆ' ಕಂಡಿದೆ.

ನಲವತ್ತು ರೂಪಾಯಿ ಹೆಚ್ಚಾಯಿತೆಂದರೆ
ಇಪ್ಪತ್ತು ನಾನು ಕಟ್ಟುತ್ತೇನೆ.
ಆದರೆ ಪೊಟ್ಟಣ ಎರಡು ಎಂಬುದನ್ನು ತಿದ್ದಬೇಡಿ.
'ಮಗು ಒಂದು' ಎಂದು ಬರೆದಿದ್ದೀರಲ್ಲ,
ತಪ್ಪು ಅಲ್ಲಿದೆ.

ಲಗತ್ತು: ಜೂನ್ ತಿಂಗಳು, ಒಂದು ಹಾಳೆ.